ಕುಣಿಮಗ್ಗದೊಳಗಿನ ಕೆಂಪು ಪಾಚಿ

ಕಳೆದ ತಿಂಗಳು ಜಮಖಂಡಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡನೆಯ ವರ್ಷದ ಹುಡುಗಿಯರು ಅಗರ್ ಕುದಿಸುತ್ತಿದ್ದರು. ಬಿಳಿ ಪುಡಿಯನ್ನು ನೀರಿಗೆ ಹಾಕಿ, ಪೂರ್ತಿ ಕರಗುವವರೆಗೆ ಕಾಯಿಸಿ, ಗಾಜಿನ ತಟ್ಟೆಗಳಿಗೆ ಸುರಿದು ಆರಲು ಬಿಟ್ಟರೆ ಅದು ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಆಮೇಲೆ ಅದರ ಮೇಲೆ ಬೂಷ್ಟು ಬೆಳೆಸಿ ನೋಡುವುದು. ಉಗಿ ಏಳುತ್ತಿದ್ದಂತೆ ಒಬ್ಬ ಹುಡುಗಿ ದುಪಟ್ಟಾದ ಸೆರಗನ್ನು ಮೂಗಿಗೆ ಹಿಡಿದಳು.

"ಮೇಡಂ, ಏನೋ ಒಂಥರಾ ವಾಸನಿ ಬರಾಕತ್ತೈತ್ರಿ. ಮೀನಿಂದಿದ್ದಂಗ."

"ಮೀನಲ್ಲ, ಪಾಚಿ. ಸಮುದ್ರದ ಕೆಂಪು ಪಾಚಿ ಬೇಯಿಸಿ ತೆಗೆದದ್ದೇ ಈ ಅಗರ್" ಎಂದೆ.

ಅವರು ನಂಬಿದಂತೆ ಕಾಣಲಿಲ್ಲ. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಆ ವಾಸನೆಗೆ ಬೇರೆಯವರಿಗೆ ಸಮುದ್ರ ನೆನಪಾಗಬಹುದು. ನನಗೆ ನೆನಪಾದದ್ದು ಬನಹಟ್ಟಿಯ ನಮ್ಮ ಮನೆ. ಅಲ್ಲಿನ ಮಗ್ಗದ ಕುಣಿ, ಕುಣಿಯೊಳಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕುಳಿತ ಗಾಜಿನ ಸೀಸೆಗಳು, ಅವುಗಳ ಪಕ್ಕದಲ್ಲಿ ಅಪ್ಪನ ಎರಡು ಪಾದಗಳು.

ಅದು ಲಾಕ್‌ಡೌನ್ ಆದ ವರ್ಷ. ಆಗ ನಾನು ಕಾರವಾರದ ಕಡೆ ಪಿಎಚ್‌.ಡಿ. ಮಾಡುತ್ತಿದ್ದೆ. ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಿವೆ. ಅವುಗಳ ಬೇರುಗಳು ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ. ಆ ಬೇರುಗಳ ನೆರಳಿನ ಬದಿಗೆ ಅಂಟಿಕೊಂಡು ಬೆಳೆಯುವ ಒಂದು ಪುಟ್ಟ ಕೆಂಪು ಪಾಚಿ ನನ್ನ ಅಭ್ಯಾಸದ ವಿಷಯ. ಹೆಸರು ಕ್ಯಾಲೊಗ್ಲಾಸಾ, ಎಂದರೆ ಗ್ರೀಕ್ ಭಾಷೆಯಲ್ಲಿ ಚೆಂದದ ನಾಲಿಗೆ. ಹೆಸರಿಗೆ ತಕ್ಕಂತೆ ಸಣ್ಣ ಸಣ್ಣ ನಾಲಿಗೆಗಳು ಒಂದರ ತುದಿಗೊಂದು ಪೋಣಿಸಿದಂತೆ ಇರುತ್ತದೆ. ನಾಲಿಗೆಯೊಂದು ಅಕ್ಕಿಕಾಳಿಗಿಂತ ದೊಡ್ಡದಲ್ಲ. ದೂರದಿಂದ ನೋಡಿದರೆ ಬೇರಿಗೆ ಹತ್ತಿದ ಕಂದುಬಣ್ಣದ ಕೊಳೆ, ಹತ್ತಿರ ಹಿಡಿದು ಬೆಳಕಿಗೆ ನೋಡಿದರೆ ಮಾಗಿದ ನೇರಳೆಹಣ್ಣಿನ ಸಿಪ್ಪೆಯ ಕೆಂಪು. ಇಳಿತದ ಹೊತ್ತಿನಲ್ಲಿ ನೀರು ಸರಿದು ಅದು ಬಿಸಿಲಿಗೆ ಒಣಗಿ ಕಾಗದದಂತಾಗುತ್ತದೆ. ಭರತ ಬಂದು ನೀರು ಮುಟ್ಟಿದರೆ ಮತ್ತೆ ಮೆತ್ತಗಾಗಿ ಉಸಿರಾಡುತ್ತದೆ. ದಿನವೂ ಅದರ ಪಾಡು ಇದೇ.

ನಮ್ಮ ಮನೆಯವರಿಗೆ ಇದೆಲ್ಲ ಅರ್ಥವಾಗುವಂಥದ್ದಾಗಿರಲಿಲ್ಲ. ನಾವು ನೇಕಾರರು. ಅಪ್ಪ ಶಂಕ್ರಪ್ಪ ಕುಣಿಮಗ್ಗದ ಮೇಲೆ ಸೀರೆ ನೇಯುತ್ತಿದ್ದ. ನೆಲದಲ್ಲಿ ಮೊಣಕಾಲುದ್ದದ ಕುಣಿ ತೋಡಿರುತ್ತಾರೆ. ನೇಕಾರ ಅದರ ಅಂಚಿನ ಮೇಲೆ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ತುಳಿಹಲಗೆ ತುಳಿಯುತ್ತ ನೇಯುತ್ತಾನೆ. ಓಣಿಯಲ್ಲಿ ಅಂಥ ಮಗ್ಗ ಉಳಿದದ್ದು ನಮ್ಮದು ಮತ್ತು ಇನ್ನೊಬ್ಬರದು ಮಾತ್ರ. ಅಣ್ಣ ಈರಣ್ಣ ಹಿತ್ತಲಿನ ಶೆಡ್ಡಿನಲ್ಲಿ ಪಾವರ್‌ಲೂಮ್ ಹಾಕಿದ್ದ. ಅವನಿಗೆ ಜಾಗ ಸಾಲುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಕುಣಿ ಮುಚ್ಚಿ, ಮೇಲೆ ಸಿಮೆಂಟ್ ಹಾಕಿ, ಇನ್ನೊಂದು ಪಾವರ್‌ಲೂಮ್ ಕೂಡಿಸುವ ಮಾತು ಮನೆಯಲ್ಲಿ ನಡೆದಿತ್ತು. ಅಪ್ಪ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ನನ್ನ ವಿಷಯದಲ್ಲೂ ಅವನು ಹಾಗೆಯೇ. ಗೊತ್ತುಮಾಡಿದ್ದ ವರನನ್ನು ಬೇಡವೆಂದು ನಾನು ಕಾರವಾರಕ್ಕೆ ಹೊರಟು ನಿಂತಾಗ ಬೈಯಲೂ ಇಲ್ಲ, ಹರಸಲೂ ಇಲ್ಲ. ಹಬ್ಬಕ್ಕೆ ಬಂದಾಗ "ಬಂದೆನು?" ಎನ್ನುತ್ತಿದ್ದ, ಹೊರಡುವಾಗ "ಹೊಂಟೆನು?" ಎನ್ನುತ್ತಿದ್ದ. ನಮ್ಮಿಬ್ಬರ ಮಾತು ಅಷ್ಟೇ.

ಎಲ್ಲವೂ ಮುಚ್ಚುತ್ತದೆ ಎಂದು ಗೊತ್ತಾದ ದಿನ ನನ್ನ ಪಿಎಚ್‌.ಡಿ. ಮಾರ್ಗದರ್ಶಕಿ ಮೇಡಂ ಫೋನ್ ಮಾಡಿದರು. ಪ್ರಯೋಗಾಲಯಕ್ಕೆ ಬೀಗ ಬೀಳಲಿತ್ತು, ಎಸಿ ಇರುವುದಿಲ್ಲ, ನೀರು ಬದಲಿಸಲು ಯಾರೂ ಬರುವುದಿಲ್ಲ. "ಒಯ್ಯಲು ಆಗುವಷ್ಟನ್ನು ಒಯ್ಯಮ್ಮಾ. ಇಲ್ಲಿದ್ದರೆ ಖಂಡಿತ ಸಾಯುತ್ತದೆ, ನಿನ್ನ ಜೊತೆಗಿದ್ದರೆ ಒಂದು ಆಸೆಯಾದರೂ ಇರುತ್ತದೆ" ಎಂದರು. ತರಕಾರಿ ಬುಟ್ಟಿಗೆ ಹುಲ್ಲು ಹಾಸಿ ಪಾಚಿ ಬೆಳೆಸಿದ್ದ ಸೀಸೆಗಳನ್ನು ಇಟ್ಟೆ. ಸೋಸಿದ ಸಮುದ್ರದ ನೀರಿನ ಎರಡು ಕ್ಯಾನು, ಕನ್ನಡಿಯಿಂದ ಬಿಸಿಲು ಹಿಡಿಯುವ ನನ್ನ ಹಳೆಯ ಸೂಕ್ಷ್ಮದರ್ಶಕ, ಬಟ್ಟೆ ಚೀಲ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಬುಟ್ಟಿಯನ್ನು ಮಡಿಲಲ್ಲೇ ಇಟ್ಟುಕೊಂಡು ಬನಹಟ್ಟಿ ಮುಟ್ಟಿದೆ.

ಬಸ್ಸಿನಿಂದ ಇಳಿದಾಗ ಮೊದಲು ಗಮನಕ್ಕೆ ಬಂದದ್ದು ಸಪ್ಪಳವಿಲ್ಲದಿರುವುದು. ನಮ್ಮೂರಲ್ಲಿ ಹುಟ್ಟಿದವರಿಗೆ ಮಗ್ಗಗಳ ಖಟಖಟ ಕಿವಿಗೆ ಬೀಳುವುದೇ ಇಲ್ಲ, ಅದು ನಿಂತಾಗ ಮಾತ್ರ ಗೊತ್ತಾಗುತ್ತದೆ. ಓಣಿಗೆ ಓಣಿಯೇ ಸುಮ್ಮನಿತ್ತು. ಅವ್ವ ಬಾಗಿಲಲ್ಲೇ ನಿಲ್ಲಿಸಿ ಕಾಲು ತೊಳೆಸಿದಳು, ಬುಟ್ಟಿ ನೋಡಿದಳು.

"ಇದೇನ ಬೇ ಇದು?"

"ನನ್ನ ಪಾಚಿ, ಅವ್ವಾ."

"ಊರಿಗೆ ಊರ ಕಾಳು-ಕಡಿ ತರಾಕತ್ತೈತಿ, ಇಕಿ ಪಾಚಿ ತಂದಾಳ" ಎಂದು ಒಳಗೆ ಹೋದಳು.

ಏಪ್ರಿಲ್ ಬರುವ ಹೊತ್ತಿಗೆ ಪಾಚಿ ಸಾಯತೊಡಗಿತು. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮಧ್ಯಾಹ್ನ ತಗಡಿನ ಕೆಳಗೆ ಕೂತರೆ ತಲೆಗೂದಲು ಬಿಸಿಯಾಗುತ್ತದೆ. ಮಡಿಕೆಯ ಬುಡಕ್ಕಿಟ್ಟೆ, ಬಚ್ಚಲಲ್ಲಿಟ್ಟೆ, ದೇವರ ಕೋಣೆಯ ಮೂಲೆಯಲ್ಲಿಟ್ಟೆ. ಕೆಂಪು ಪಾಚಿ ಸಾಯುವಾಗ ಬಣ್ಣ ಬಿಡುತ್ತದೆ. ಅದರ ಕೆಂಪು ನೀರಿಗೆ ಕರಗುವ ಕೆಂಪು. ಜೀವ ಇರುವಷ್ಟು ಹೊತ್ತು ಒಳಗಿರುತ್ತದೆ, ಜೀವ ಹೋದರೆ ಹೊರಗೆ ಇಳಿಯುತ್ತದೆ. ಬೆಳಿಗ್ಗೆ ಎದ್ದು ಬಂದರೆ ಒಂದು ಸೀಸೆಯ ನೀರು ತೆಳು ಗುಲಾಬಿಯಾಗಿರುತ್ತಿತ್ತು, ಒಳಗಿನ ನಾಲಿಗೆಗಳು ಹಸಿರಿಗೆ ತಿರುಗಿರುತ್ತಿದ್ದವು, ಇನ್ನೆರಡು ದಿನಕ್ಕೆ ಬಿಳಿ. ಹೀಗೆ ಒಂದಾದ ಮೇಲೊಂದು ಹೋದವು. ಮೂರು ವರ್ಷದ ಕೆಲಸ ಅದು. ಹೊಸದನ್ನು ತರಲು ಅಳಿವೆಗೆ ಹೋಗುವ ದಾರಿಯೂ ಇರಲಿಲ್ಲ. ಒಂದು ಮಧ್ಯಾಹ್ನ ಗುಲಾಬಿ ನೀರಿನ ಸೀಸೆ ಮುಂದಿಟ್ಟುಕೊಂಡು ಪಡಸಾಲೆಯಲ್ಲಿ ಅಳುತ್ತ ಕುಳಿತಿದ್ದೆ.

ಅಪ್ಪ ನೋಡಿದ. ಆ ದಿನಗಳಲ್ಲಿ ಅವನೂ ಸರಿಯಾಗಿರಲಿಲ್ಲ. ನೂಲು ಬರುವುದು ನಿಂತಿತ್ತು. ಮಗ್ಗಕ್ಕೆ ಕಟ್ಟಿದ್ದ ಹಾಸಿನ ನೂಲಷ್ಟನ್ನೂ ನೇಯ್ದು ಮುಗಿಸಿದ್ದ. ಹುಟ್ಟಿದಾಗಿನಿಂದ ಕುಣಿಯಲ್ಲಿ ಕಾಲಿಟ್ಟು ಕುಳಿತ ಮನುಷ್ಯನಿಗೆ ಮನೆಯಲ್ಲಿ ಬೇರೆಲ್ಲಿ ಕೂರಬೇಕೆಂದೇ ತಿಳಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಏಳುತ್ತಿದ್ದ, ಒಳಗೆ ಬಂದು ಹೊರಗೆ ಹೋಗುತ್ತಿದ್ದ. ಗಡ್ಡ ಬಿಟ್ಟಿದ್ದ. ಅರ್ಧ ರೊಟ್ಟಿ ತಿಂದು ತಾಟು ಸರಿಸುತ್ತಿದ್ದ. ಅವ್ವ ನನ್ನ ಹತ್ತಿರ ಬಂದು, "ನಿಮ್ಮಪ್ಪ ಬರೇ ಗ್ವಾಡಿ ನೋಡ್ತಾನ, ನನಗ ಅಂಜಿಕಿ ಬರ್ತೈತಿ" ಎಂದಿದ್ದಳು.

ಆ ಮಧ್ಯಾಹ್ನ ಅವನು ನನ್ನ ಹತ್ತಿರ ಬಂದು ನಿಂತು, "ತಂಪ ಬೇಕೇನು ಅದಕ್ಕ?" ಎಂದು ಕೇಳಿದ.

"ಹೂಂ ಅಪ್ಪಾ. ತಂಪು ಬೇಕು. ಬೆಳಕೂ ಕಡಿಮೆ ಬೇಕು."

"ಕುಣ್ಯಾಗ ಇಡು. ಹೆಂಗೂ ಖಾಲಿ ಐತಿ."

ಅವನೇ ಕುಣಿಗೆ ಇಳಿದ. ತಳವನ್ನು ಗುಡಿಸಿದ, ಗೋಡೆಗೆ ನೀರು ಚಿಮುಕಿಸಿದ, ಹಳೆ ಧೋತರ ಹರಿದು ಒದ್ದೆ ಮಾಡಿ ಉಳಿದ ಸೀಸೆಗಳಿಗೆ ಸುತ್ತಿದ. ಮಗ್ಗದ ಮೇಲಿನ ಸಣ್ಣ ಕಿಟಕಿಯ ಬೆಳಕು ಕುಣಿಯೊಳಗೆ ಇಳಿಯುವಾಗ ಬಹಳ ಮಂದವಾಗುತ್ತಿತ್ತು, ಕಾಂಡ್ಲಾ ಬೇರಿನ ನೆರಳಿನಷ್ಟು. ನಾನು ಒಳಗೆ ಕೈಯಿಟ್ಟು ನೋಡಿದೆ. ಮಣ್ಣು ತಣ್ಣಗಿತ್ತು.

ಸಾಯುವುದು ನಿಂತಿತು. ಒದ್ದೆ ಬಟ್ಟೆ ಬದಲಿಸುವ ಕೆಲಸವನ್ನು ಅಪ್ಪ ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಒಮ್ಮೆ, ಬಿಸಿಲೇರಿದ ಮೇಲೆ ಒಮ್ಮೆ, ಹೊತ್ತು ಇಳಿದಾಗ ಒಮ್ಮೆ ಕುಣಿಯ ಅಂಚಿಗೆ ತನ್ನ ಜಾಗದಲ್ಲಿ ಕೂರುತ್ತಿದ್ದ. ಕ್ಯಾನಿನ ನೀರು ಮುಗಿಯುತ್ತ ಬಂದಾಗ ಅದಕ್ಕೆ ಕುದಿಸಿ ಆರಿಸಿದ ನಳದ ನೀರು ಬೆರೆಸತೊಡಗಿದೆ. ಮಳೆಗಾಲದಲ್ಲಿ ಅಳಿವೆಯ ನೀರೂ ಸಪ್ಪಗಾಗುತ್ತದೆ, ಈ ಪಾಚಿ ಅದನ್ನು ತಾಳುತ್ತದೆ. "ಈಗ ಕೃಷ್ಣಾ ಹೊಳಿ ನೀರು ಕುಡ್ಯಾಕತ್ತೈತಿ, ನಮ್ಮೂರಿಂದು ಆತು" ಎಂದ ಅಪ್ಪ. ಅದು ಎಷ್ಟೋ ದಿನದ ಮೇಲೆ ಅವನ ಬಾಯಿಂದ ಬಂದ ನಗೆಮಾತು. ಆ ದಿನ ಅವನು ಗಡ್ಡ ಮಾಡಿಸಿಕೊಳ್ಳಲು ಅಣ್ಣನ ಮುಂದೆ ಕೂತ. ಕ್ಷೌರದ ಅಂಗಡಿ ಮುಚ್ಚಿತ್ತು.

ಅವ್ವನಿಗೆ ಬೇರೆ ಕುತೂಹಲ. ಒಂದು ದಿನ ಕುಣಿಯ ಬಳಿ ಬಂದು ಕೂತು, "ಇದರಾಗ ಗಂಡು ಯಾವುದು, ಹೆಣ್ಣು ಯಾವುದು?" ಎಂದಳು. ನನ್ನ ಪ್ರಬಂಧದ ಪ್ರಶ್ನೆಯೇ ಅದು! ನನಗೆ ತಿಳಿದಷ್ಟನ್ನು ಹೇಳಿದೆ. ಈ ಪಾಚಿಯ ಬಾಳು ಮೂರು ಮಜಲಿನದು. ಮೊದಲು ಒಂದು ಗಿಡ. ಅದು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅದರ ನಾಲಿಗೆಯ ಮೇಲೆ ಸಾಸಿವೆಗಿಂತಲೂ ಸಣ್ಣ ದುಂಡು ಚೀಲಗಳಾಗಿ, ಒಂದೊಂದು ಚೀಲದಿಂದ ನಾಲ್ಕು ನಾಲ್ಕು ಬೀಜಕಗಳು ಉದುರುತ್ತವೆ. ಅವುಗಳಿಂದ ಕೆಲವು ಗಂಡು ಗಿಡ, ಕೆಲವು ಹೆಣ್ಣು ಗಿಡ ಹುಟ್ಟುತ್ತವೆ. ಅವೆರಡೂ ಕೂಡಿದರೆ ಹೆಣ್ಣಿನ ಮೈಮೇಲೇ ಒಂದು ಪುಟ್ಟ ಗಡಿಗೆಯಂಥದ್ದು ಉಬ್ಬುತ್ತದೆ. ಆ ಗಡಿಗೆಯೊಳಗೆ ತಾಯಿಯ ಅನ್ನ ಉಣ್ಣುತ್ತ ಬೆಳೆದ ಬೀಜಕಗಳು ಹೊರಬಿದ್ದು ಮತ್ತೆ ಮೊದಲಿನ ಗಿಡವಾಗುತ್ತವೆ. ಆದರೆ ನಮ್ಮ ಅಳಿವೆಯಲ್ಲಿ ನಾನು ಎಷ್ಟು ಹುಡುಕಿದರೂ ಸಿಕ್ಕದ್ದು ಮೊದಲಿನ ಗಿಡಗಳು ಮಾತ್ರ. ಗಂಡು, ಹೆಣ್ಣು, ಗಡಿಗೆ ಯಾವುದೂ ಕಣ್ಣಿಗೆ ಬಿದ್ದಿರಲಿಲ್ಲ. ಅವು ಇಲ್ಲವೇ ಇಲ್ಲವೋ, ಇದ್ದೂ ಸಿಗುತ್ತಿಲ್ಲವೋ ಎಂಬುದನ್ನೇ ನಾನು ತಿಳಿಯಬೇಕಿತ್ತು.

"ಗಂಡು ಹೆಣ್ಣಿನ ಕಡೆ ಹೆಂಗ ಬರ್ತೈತಿ?"

"ಅದಕ್ಕ ಬರಾಕ ಆಗಂಗಿಲ್ಲ ಅವ್ವಾ. ಬ್ಯಾರೆ ಪಾಚಿಗಳ ಗಂಡುಕಣಕ್ಕ ಬಾಲ ಇರ್ತೈತಿ, ಈಜ್ತಾವು. ಕೆಂಪು ಪಾಚೀದಕ್ಕ ಬಾಲನ ಇಲ್ಲ. ಹೆಣ್ಣು ಒಂದು ಸಣ್ಣ ಕೂದಲಾ ಚಾಚಿ ಕಾಯ್ತಿರ್ತೈತಿ. ನೀರು ಅಲುಗಾಡಿ ಗಂಡನ್ನ ಒಯ್ದು ಆ ಕೂದಲಿಗೆ ಮುಟ್ಟಿಸಿದ್ರ ಆತು. ಇಲ್ಲಂದ್ರ ಇಲ್ಲ."

ಅವ್ವ ಬಾಗಿ ಸೀಸೆಯನ್ನೊಮ್ಮೆ ನೋಡಿದಳು. "ನಿನಗೂ ಅಂಥಾದೊಂದು ನೀರು ಯಾವಾಗ ಬರ್ತೈತೋ ಏನೋ" ಎಂದು ಎದ್ದು ಹೋದಳು. ಅಪ್ಪ ಬೇರೆ ಕಡೆ ಮುಖ ತಿರುಗಿಸಿ ನಕ್ಕದ್ದು ನನಗೆ ಕಾಣಿಸಿತು.

ಮೇ ತಿಂಗಳಲ್ಲಿ ಓಣಿಯಲ್ಲಿ ಸುದ್ದಿ ಎದ್ದಿತು. ಶಂಕ್ರಪ್ಪನ ಮಗಳು ಹೊರಗಿನಿಂದ ಸೀಸೆಯಲ್ಲಿ ಏನೋ ತಂದಿದ್ದಾಳೆ, ಕುಣಿಯಲ್ಲಿ ಮುಚ್ಚಿಟ್ಟಿದ್ದಾರೆ, ಅದು ಆ ರೋಗದ್ದೇ. ಸೂಕ್ಷ್ಮದರ್ಶಕವನ್ನು ಅಂಗಳದ ಬಿಸಿಲಿಗೆ ತಂದು ನೋಡುತ್ತಿದ್ದ ನನ್ನನ್ನು ಯಾರೋ ಮಾಳಿಗೆಯಿಂದ ನೋಡಿದ್ದರು. ಟಿವಿಯಲ್ಲಿ ಹಗಲೂ ರಾತ್ರಿ ಸೂಕ್ಷ್ಮದರ್ಶಕ, ಸೀಸೆಗಳನ್ನೇ ತೋರಿಸುತ್ತಿದ್ದ ದಿನಗಳವು, ಅವರ ತಪ್ಪೆಂದು ಹೇಗೆ ಹೇಳಲಿ. ಒಂದು ಮುಂಜಾನೆ ಬಾಗಿಲಲ್ಲಿ ಏಳೆಂಟು ಜನ ಬಂದು ನಿಂತರು. ಎಲ್ಲರ ಬಾಯಿಗೂ ಟವೆಲ್ಲು. ಮುಂದೆ ಮಹಾದೇವಪ್ಪ ಕಾಕಾ. ಅವನು ನನ್ನನ್ನು ಎತ್ತಿ ಆಡಿಸಿದವನು, ಅಪ್ಪನ ಜೊತೆ ನೇಯ್ಗೆ ಕಲಿತವನು.

"ಶಂಕ್ರಪ್ಪಾ, ಆ ಬಾಟ್ಲಿ ಹೊರಗ ತಗಿ" ಎಂದ. "ಊರ ಹೊರಗ ಒಯ್ದು ಚೆಲ್ಲಿ ಬರ್ತೀವಿ."

ನಾನು ಮುಂದೆ ಬಂದು ಅದು ಪಾಚಿ, ಗಿಡದಂಥದ್ದು, ಅದರಿಂದ ರೋಗ ಬರುವುದಿಲ್ಲ ಎಂದೆ. ಮಾತು ಹೆಚ್ಚಾದಷ್ಟೂ ಅವರ ಅನುಮಾನ ಹೆಚ್ಚಾಯಿತು. "ಪಾಚಿನ ಯಾರರ ಬಾಟ್ಲ್ಯಾಗ ಹಾಕಿ ಸಾಕ್ತಾರೇನು?" ಎಂದ ಒಬ್ಬ. ಅಣ್ಣನೂ ನನ್ನ ಕಡೆ ನೋಡಿ, "ಜನರ ಬಾಯಿಗೆ ಯಾಕ ಬೀಳೂದು, ಕೊಟ್ಟುಬಿಡು ರೇಣಕಾ" ಎಂದ. ಅವನಿಗೆ ಇದೇ ಓಣಿಯಲ್ಲಿ ಬದುಕಬೇಕಿತ್ತು. ಕಾಕಾ ಹೊಸ್ತಿಲ ಮೇಲೆ ಕಾಲಿಟ್ಟ.

ಅಷ್ಟರಲ್ಲಿ ಅಪ್ಪ ಕುಣಿಯಿಂದ ಒಂದು ಸೀಸೆ ಎತ್ತಿಕೊಂಡು ಬಂದ. ಕೊಟ್ಟೇ ಬಿಡುತ್ತಾನೆ ಎಂದುಕೊಂಡೆ. ಅವನು ಬಾಗಿಲಲ್ಲಿ ನಿಂತು ಸೀಸೆಯ ಬಾಯಿಗೆ ತುರುಕಿದ್ದ ಹತ್ತಿ ತೆಗೆದ. ಎಡಗೈಯಿಂದ ಹಿಡಿದು ಬಲ ಅಂಗೈಗೆ ಸ್ವಲ್ಪ ನೀರು ಬಗ್ಗಿಸಿಕೊಂಡ. ಎಲ್ಲರೂ ನೋಡುತ್ತಿದ್ದಂತೆ, ಗುಡಿಯಲ್ಲಿ ತೀರ್ಥ ತೆಗೆದುಕೊಳ್ಳುವ ಹಾಗೆ ಕುಡಿದುಬಿಟ್ಟ. ಉಳಿದ ಹಸಿಯನ್ನು ರೂಢಿಯಂತೆ ಕಣ್ಣಿಗೂ ಒತ್ತಿಕೊಂಡ.

"ಉಪ್ಪ ಐತಿ" ಎಂದ. "ಮತ್ತೇನಿಲ್ಲ. ನನಗ ಏನರ ಆದ್ರ ನೀವ ಬಂದು ಒಯ್ರಿ, ಕುಣೀನೂ ಮುಚ್ಚಿ ಹೋಗ್ರಿ. ಅಲ್ಲೀತನಕ ಇವು ಇಲ್ಲೇ ಇರ್ತಾವು."

ಕಾಕಾ ಹೊಸ್ತಿಲಿಂದ ಕಾಲು ತೆಗೆದ. ಹೊರಳಿ ಹೋಗುವಾಗ ತಗ್ಗಿದ ದನಿಯಲ್ಲಿ, "ನನ್ನ ಹೆಣ್ತೀಗಿ ಉಸಿರಾಟದ ತ್ರಾಸ ಐತಿ, ನಿನಗ ಗೊತ್ತೈತಿ. ಅಂಜಿಕಿಗಿ ಬಂದ್ನೆಪಾ" ಎಂದ.

"ಗೊತ್ತೈತಿ. ಹೋಗು, ಆಕಿನ ನೋಡ್ಕೊ" ಎಂದ ಅಪ್ಪ.

ಮುಂದಿನ ದಿನಗಳೇ ಕಷ್ಟದವು. ಅಪ್ಪನಿಗೆ ಮೊದಲಿನಿಂದಲೂ ಕೆಮ್ಮು. ಹತ್ತಿಯ ಧೂಳು ಕುಡಿದ ನೇಕಾರರಿಗೆಲ್ಲ ಇರುವಂಥದ್ದು. ಈಗ ಓಣಿಯ ಕಿವಿಯೆಲ್ಲ ನಮ್ಮ ಮನೆಯ ಮೇಲಿತ್ತು. ಕಟ್ಟೆಯ ಮೇಲೆ ಕೂತಾಗ ಕೆಮ್ಮು ಬಂದರೆ ಅವನು ಮುಖ ಕೆಂಪಾಗುವವರೆಗೆ ತಡೆದುಕೊಂಡು, ಏನೋ ನೆನಪಾದವನಂತೆ ಎದ್ದು, ಒಳಗಿನ ಕೋಣೆಗೆ ಹೋಗಿ ಕೌದಿಯಲ್ಲಿ ಮುಖ ಹುದುಗಿಸಿ ಕೆಮ್ಮುತ್ತಿದ್ದ. ಅವ್ವ ಬಾಗಿಲಿಗೆ ಅಡ್ಡ ನಿಂತು ಪಾತ್ರೆ ಸಪ್ಪಳ ಮಾಡುತ್ತಿದ್ದಳು. ಒಮ್ಮೆ ನಾನು ಕೌದಿ ಸರಿಸಿ ನೀರು ಕೊಟ್ಟು, "ಯಾಕ ಕುಡಿದಿ ಅಪ್ಪಾ ಅದನ್ನ?" ಎಂದೆ.

"ನೀ ಅತ್ತಿದ್ದೆಲ್ಲಾ, ಅವತ್ತ" ಎಂದ.

ಅವನಿಗೆ ಏನೂ ಆಗಲಿಲ್ಲ. ಸ್ವಲ್ಪ ದಿನದ ಮೇಲೆ ಮಹಾದೇವಪ್ಪ ಕಾಕಾ ಎದುರು ಕಟ್ಟೆಯಿಂದಲೇ "ಹೆಂಗದಿಯೋ?" ಎಂದು ಕೂಗಿ ಕೇಳತೊಡಗಿದ. "ಉಪ್ಪಿಟ್ಟು ತಿಂದಂಗ ಅದೇನಿ" ಎನ್ನುತ್ತಿದ್ದ ಅಪ್ಪ. ಆ ಓಣಿಯಲ್ಲಿ ನಗು ಮತ್ತೆ ಕೇಳಿಸಿದ್ದು ಆಗ.

ಇತ್ತ ಸೀಸೆಗಳಲ್ಲಿ ಹೊಸ ಸಸಿಗಳು ಎದ್ದಿದ್ದವು. ಉದುರಿದ ಬೀಜಕಗಳು ಗಾಜಿನ ಗೋಡೆಗೇ ಅಂಟಿ ಮೊಳೆತು, ಮಳೆ ಶುರುವಾಗುವ ಹೊತ್ತಿಗೆ ಪುಟ್ಟ ನಾಲಿಗೆಗಳಾಗಿದ್ದವು. ಒಂದು ದಿನ ಅಂಗಳದ ಬಿಸಿಲಿಗೆ ಕನ್ನಡಿ ಹೊಂದಿಸಿ ನೋಡುತ್ತಿರುವಾಗ ಒಂದು ನಾಲಿಗೆಯ ಅಂಚಿನಲ್ಲಿ ಬಣ್ಣವಿಲ್ಲದ ಪಟ್ಟೆ ಕಂಡಿತು, ಸಣ್ಣ ಸಣ್ಣ ಮಣಿ ಜೋಡಿಸಿದಂತೆ. ಗಂಡು. ಇನ್ನೊಂದರ ನಡುನರದ ಮೇಲೆ ಗಾಜಿನೆಳೆಯಂಥ ಒಂದು ಕೂದಲು. ಹೆಣ್ಣು. ನಾನು ಅಂಗಳದಲ್ಲೇ ಕೂಗಿಬಿಟ್ಟೆ. ಮೇಡಂಗೆ ಫೋನ್ ಮಾಡಿ ಹೇಳಿದೆ. ಗಂಡು ಹೆಣ್ಣು ಎರಡನ್ನೂ ಒಂದೇ ಸೀಸೆಯಲ್ಲಿ ಹಾಕಿದೆ. ಕಾದೆ. ಗಡಿಗೆ ಮಾತ್ರ ಮೂಡಲಿಲ್ಲ. ನೀರು ಬದಲಿಸುವಾಗ ಆಗುವ ಅಲುಗಾಟ ಬಿಟ್ಟರೆ ಕುಣಿಯ ಒಳಗೆ ನೀರು ಸುಮ್ಮನಿರುತ್ತಿತ್ತು.

ಆಗ ನೂಲು ಬಂತು. ಮುಚ್ಚಿದ್ದ ಅಂಗಡಿಗಳು ತೆರೆದು, ವ್ಯಾಪಾರಸ್ಥರು ಒಬ್ಬೊಬ್ಬರಾಗಿ ಹೇಳಿಕಳಿಸತೊಡಗಿದರು. ಅಪ್ಪನಿಗೆ ಒಂದು ಹಾಸಿನ ನೂಲು ಸಿಕ್ಕಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ, ನನಗೆ ಮಾತ್ರ ಅರ್ಧ ಸಂತೋಷ. ಕುಣಿ ಬಿಡಬೇಕಿತ್ತು, ಹೊರಗೆ ಇನ್ನೂ ಸೆಖೆ ಇಳಿದಿರಲಿಲ್ಲ. ನಾನೇ ಸೀಸೆಗಳನ್ನು ಎತ್ತಲು ಹೋದೆ.

"ಎಲ್ಲಿ ಒಯ್ತಿ?" ಎಂದ ಅಪ್ಪ. ಕುಣಿಯ ಗೋಡೆಯಲ್ಲಿ, ತುಳಿಹಲಗೆಗೆ ತಾಗದ ಕಡೆ, ಉಳಿಯಿಂದ ಮಣ್ಣು ಕೆತ್ತಿ ಗೂಡು ಮಾಡಿದ. ಸೀಸೆಗಳನ್ನು ಅದರೊಳಗೆ ಕೂಡಿಸಿದ. "ನನ್ನ ಕಾಲಿಗೆ ಜಾಗ ಐತಿ, ಅದಕ್ಕೂ ಜಾಗ ಐತಿ. ಆದ್ರ ಬಡಿತಕ್ಕ ಏನೂ ಆಗೂದಿಲ್ಲಲಾ?"

ಮಗ್ಗದ ಹಲಗೆ ಅಡ್ಡ ಹೊಕ್ಕಿನ ನೂಲನ್ನು ಬಡಿದು ಕೂಡಿಸುವಾಗ ಇಡೀ ಕುಣಿ ನಡುಗುತ್ತದೆ. ನನಗೂ ಅಂಜಿಕೆಯಿತ್ತು. "ನೋಡೋಣ" ಎಂದೆ. ಮೊದಲ ದಿನ ಅವನು ಹಸುಗೂಸಿನ ತೊಟ್ಟಿಲು ಪಕ್ಕದಲ್ಲಿದ್ದಂತೆ ಮೆಲ್ಲಗೆ ಬಡಿದು ನೇಯ್ದ. ನೇಯ್ಗೆ ಸಡಿಲು ಬಂತು. ಬಿಚ್ಚಿ ಮತ್ತೆ ನೇಯಬೇಕಾಯಿತು. "ಗಟ್ಟಿಯಾಗಿ ಬಡಿ ಅಪ್ಪಾ, ಸಮುದ್ರದಾಗ ಇದಕ್ಕಿಂತ ಜೋರ ಇರ್ತೈತಿ" ಎಂದೆ. ಆಮೇಲೆ ಅವನ ಕೈ ತನ್ನ ಹದಕ್ಕೆ ಬಂತು. ಲಾಳಿ ಆಚೆ ಈಚೆ ಓಡಿತು. ಪ್ರತಿ ಬಡಿತಕ್ಕೂ ಸೀಸೆಯ ನೀರಿನ ಮೇಲೆ ಸಣ್ಣ ಉಂಗುರ ಎದ್ದು ಅಡಗುತ್ತಿತ್ತು. ಹಿತ್ತಲಲ್ಲಿ ಅಣ್ಣನ ಪಾವರ್‌ಲೂಮೂ ಶುರುವಾಯಿತು, ಓಣಿಗೆ ಓಣಿಯೇ ಖಟಖಟ ಎಂದಿತು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ನೀರು ಬದಲಿಸಲು ಸೀಸೆ ಎತ್ತಿದೆ. ಬರಿಗಣ್ಣಿಗೇ ಕಂಡಿತು. ಹೆಣ್ಣು ನಾಲಿಗೆಗಳ ನಡುನರದ ಮೇಲೆ ಗಸಗಸೆಯಂಥ ಉಬ್ಬು, ಒಂದಲ್ಲ, ಸಾಲಾಗಿ. ಸೂಕ್ಷ್ಮದರ್ಶಕ ಎತ್ತಿಕೊಂಡು ಅಂಗಳಕ್ಕೆ ಓಡಿದೆ, ಅಣ್ಣನೇ ಬಂದು ಕನ್ನಡಿ ಹಿಡಿದ. ಗಾಜಿನ ಕೆಳಗೆ ಗಡಿಗೆ, ಗಡಿಗೆಗೆ ಬಾಯಿ, ಒಳಗೆ ದಾಳಿಂಬೆಯ ಕಾಳಿನಂತೆ ಒತ್ತಿಕೊಂಡ ಕೆಂಪು ಬೀಜಕಗಳು.

ಅಪ್ಪನನ್ನು ಕುಣಿಯಿಂದ ಎಬ್ಬಿಸಿ ಕರೆತಂದೆ. ಅವನು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಒತ್ತಿ ಬಹಳ ಹೊತ್ತು ಬಾಗಿ ನಿಂತ.

"ಇದು ಬಸರ?" ಎಂದ.

"ಹಂಗ ಅನ್ನಬಹುದು."

"ಹೆಂಗ ಆತು?"

"ನೀರು ಅಲುಗಾಡ್ತು. ಮುಟ್ಟಿತು."

ಅವನು ತಲೆಯೆತ್ತಿ ನನ್ನನ್ನು ನೋಡಿದ, ಮಗ್ಗ ನೋಡಿದ, ಅರ್ಥವಾಯಿತು. ನಾಚಿಕೊಂಡವನಂತೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನಂದೇನೈತಿ ಅದರಾಗ" ಎಂದು ಹೊರಗೆ ಹೋದ. ಆದರೆ ಹೋದದ್ದು ಸೀದಾ ಎದುರು ಕಟ್ಟೆಗೆ. ಮಹಾದೇವಪ್ಪ ಕಾಕಾನಿಗೆ ಹೇಳುವುದು ನನಗೆ ಒಳಗಿನವರೆಗೂ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾಕಾ ಬಂದ, ಉಸಿರಾಟದ ತ್ರಾಸಿನ ಅವನ ಹೆಂಡತಿಯೂ ಗೋಡೆ ಹಿಡಿದುಕೊಂಡು ಬಂದಳು. ಒಬ್ಬೊಬ್ಬರಾಗಿ ಓಣಿಯವರು ಬಂದು ಬಗ್ಗಿ ನೋಡಿದರು. ಅವ್ವ ಎಲ್ಲರಿಗೂ ಸಕ್ಕರೆ ಹಂಚಿದಳು.

ಅಪ್ಪನ ಮಗ್ಗದ ಬಡಿತದಿಂದಲೇ ಇದಾಯಿತೆಂದು ನಾನು ಆಗ ಖಚಿತವಾಗಿ ಹೇಳುವಂತಿರಲಿಲ್ಲ. ಪ್ರಯೋಗಾಲಯ ತೆರೆದ ಮೇಲೆ ಕೆಲವು ಸೀಸೆ ಸುಮ್ಮನೆ ಇಟ್ಟು, ಕೆಲವನ್ನು ಯಂತ್ರದ ಮೇಲೆ ಅಲುಗಾಡಿಸಿ ನೋಡಿದೆ. ಅಲುಗಾಡಿಸಿದವುಗಳಲ್ಲೇ ಗಡಿಗೆ ಸರಿಯಾಗಿ ಕಟ್ಟಿತು. ಪ್ರಬಂಧದಲ್ಲಿ 'ನೀರಿನ ಚಲನೆ' ಎಂದು ಬರೆದೆ. ಅಣ್ಣ ಆ ವರ್ಷ ಕುಣಿ ಮುಚ್ಚುವ ಮಾತು ಎತ್ತಲಿಲ್ಲ. ಅದಾದ ಎರಡು ವರ್ಷಕ್ಕೆ ಅಪ್ಪನ ಮೊಣಕಾಲು ಏಳಲು ಕೂರಲು ಬಿಡದಾದಾಗ, ಅವನೇ ಹೇಳಿ ಮಣ್ಣು ತರಿಸಿ ಮುಚ್ಚಿಸಿದ. ಈಗ ಅಲ್ಲಿ ಅಣ್ಣನ ಎರಡನೆಯ ಪಾವರ್‌ಲೂಮ್ ಓಡುತ್ತದೆ. ನಾನು ಬನಹಟ್ಟಿಯಿಂದ ಬಸ್ಸಿನಲ್ಲಿ ಜಮಖಂಡಿಗೆ ಬಂದು ಪಾಠ ಮಾಡಿ ಹೋಗುತ್ತೇನೆ.

ಲಾಕ್‌ಡೌನ್ ಆದ ಆ ವರ್ಷದ ಕೊನೆಗೆ, ದಾರಿಗಳು ತೆರೆದ ಮೇಲೆ, ಸೀಸೆಗಳನ್ನು ವಾಪಸು ಒಯ್ಯಬೇಕಿತ್ತು. ಅಪ್ಪ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಹೊಂಟೆನು?" ಎನ್ನುತ್ತಾನೆಂದು ಕಾದೆ. "ನಾನೂ ಬರ್ತೇನಿ" ಎಂದ. ಬುಟ್ಟಿಯನ್ನು ದಾರಿಯುದ್ದಕ್ಕೂ ಅವನೇ ಮಡಿಲಲ್ಲಿ ಇಟ್ಟುಕೊಂಡ.

ಮರುದಿನ ಇಳಿತದ ಹೊತ್ತಿಗೆ ಅವನನ್ನು ಅಳಿವೆಗೆ ಕರೆದೊಯ್ದೆ. ದೂರದಲ್ಲಿ ಸಮುದ್ರ ಕಾಣುತ್ತಿತ್ತು. ಅದನ್ನು ಅವನು ಹುಟ್ಟಿದ ಮೇಲೆ ನೋಡುತ್ತಿರುವುದು ಅದೇ ಮೊದಲು. ಆದರೆ ಒಮ್ಮೆ ನೋಡಿ, "ದೊಡ್ಡದೈತಿ" ಎಂದು, "ನಿನ್ನ ಪಾಚಿ ಎಲ್ಲೈತಿ?" ಎಂದ. ಧೋತರ ಎತ್ತಿ ಕಟ್ಟಿ ಕೆಸರಿಗೆ ಇಳಿದ. ನಾನು ಕಾಂಡ್ಲಾ ಬೇರೊಂದನ್ನು ತೋರಿಸಿದೆ. ಅವನು ಅದರ ಮುಂದೆ ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತ. ನೀರು ಸರಿದು ಬಹಳ ಹೊತ್ತಾಗಿತ್ತು. ಪಾಚಿ ಒಣಗಿ, ಕಪ್ಪಾಗಿ, ಬೇರಿಗೆ ಹತ್ತಿದ ಸಿಪ್ಪೆಯಂತಿತ್ತು. ಬೆರಳಿನಿಂದ ಮುಟ್ಟಿದ.

"ಇಂಥಾ ಕೆಸರಿನಾಗ ಇರೂದಕ್ಕೇನು ನಾವು ದಿನಾ ಅರಿವಿ ಬದಲಿ ಮಾಡಿದ್ದು?" ಎಂದ.

"ಹೂಂ, ಇದಕ್ಕ."

"ಸತ್ತೈತೇನು ಇದು?"

"ಇಲ್ಲ ಅಪ್ಪಾ. ಭರತ ಬರ್ತೈತಿ. ಆಗ ಸರಿ ಆಗ್ತೈತಿ. ಏಳು, ಮೊಣಕಾಲು ನೋಯ್ತಾವು. ಬಿಸಿಲೂ ಐತಿ."

ಅವನು ಏಳಲಿಲ್ಲ. ಒಂದು ಕೈಯಿಂದ ಬೇರು ಹಿಡಿದು, ಸಮುದ್ರದ ಕಡೆ ಮುಖ ಮಾಡಿ ಕೂತ. ದೂರದಲ್ಲಿ ನೀರಿನ ಅಂಚು ಕೆಸರಿನ ಮೇಲೆ ನಿಧಾನ ಏರುತ್ತಿತ್ತು.

"ತಡಿ" ಎಂದ. "ನೀರು ಮುಟ್ಟಲಿ. ಆಮ್ಯಾಲ ಹೋಗೂಣು."

ನಾನೂ ಅವನ ಪಕ್ಕದಲ್ಲಿ ಕೂತೆ.